ದರ್ಭಂಗಾದ ಒಂದು ಮೈಥಿಲಿ ಪುಸ್ತಕದಂಗಡಿ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಬಿಹಾರದ ದರ್ಭಂಗಾ ಊರಿನ ಟವರ್ ಚೌಕದ ಆಸುಪಾಸಿನಲ್ಲಿ ಪುಸ್ತಕದಂಗಡಿಗಳಿಗೆ ಕೊರತೆಯಿಲ್ಲ. ಆದರೆ ಅವುಗಳ ಕಪಾಟುಗಳಲ್ಲಿ ಕಾಣುವುದು ಬಹುಪಾಲು ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳು, ಶಾಲಾ ಪಠ್ಯಗಳು, ಹಿಂದಿಯ ಜನಪ್ರಿಯ ಕಾದಂಬರಿಗಳು. ಊರಿನ ಜನ ಮನೆಯಲ್ಲೂ ಸಂತೆಯಲ್ಲೂ ಆಡುವ ಮೈಥಿಲಿಯ ಪುಸ್ತಕ ಬೇಕೆಂದರೆ ಅಲ್ಲಿ ಇಲ್ಲಿ ವಿಚಾರಿಸಿಕೊಂಡು ಹೋಗಬೇಕು. ಹಾಗೆ ವಿಚಾರಿಸಿದಾಗ ಸಿಕ್ಕ, ಮೈಥಿಲಿಯನ್ನೇ ಮುಖ್ಯ ಸರಕಾಗಿ ಇಟ್ಟುಕೊಂಡ, ವಯಸ್ಸಾದ ಮಾಲೀಕರು ಒಬ್ಬ ಸಹಾಯಕನೊಡನೆ ನಡೆಸುತ್ತಿರುವ ಸಣ್ಣ ಅಂಗಡಿಯೊಂದರ ವಿಮರ್ಶೆ ಇದು. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮುಂದೆ ಹೇಳುವ ಕುಂದುಗಳಲ್ಲಿ ಹೆಚ್ಚಿನವು ಆ ಒಂದು ಅಂಗಡಿಯವಲ್ಲ. ದೀರ್ಘಕಾಲ ಸರ್ಕಾರದ ಬೆನ್ನಾಸರೆಯಿಲ್ಲದೆ ನಡೆದುಬಂದ ಭಾಷೆಯೊಂದರ ಪುಸ್ತಕ ವ್ಯಾಪಾರದವು. ಅವನ್ನೆಲ್ಲ ಒಬ್ಬ ವ್ಯಾಪಾರಿಯ ತಲೆಗೆ ಕಟ್ಟುವುದು ನ್ಯಾಯವಾಗುವುದಿಲ್ಲ.

ಮೈಥಿಲಿ ಚಿಕ್ಕ ಭಾಷೆಯಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 1.36 ಕೋಟಿ ಜನ ಅದನ್ನು ತಾಯ್ನುಡಿಯೆಂದು ಬರೆಸಿದ್ದಾರೆ. ಗಡಿಯಾಚೆಯ ನೇಪಾಳದಲ್ಲಿ ಅದು ನೇಪಾಳಿಯ ನಂತರದ ದೊಡ್ಡ ಭಾಷೆ. ದರ್ಭಂಗಾ, ಮಧುಬನಿ, ಸಮಸ್ತಿಪುರ, ಸಹರ್ಸಾ, ಸುಪೌಲ್, ನೇಪಾಳದ ಕಡೆ ಜನಕಪುರ ಎಂದು ಹರಡಿಕೊಂಡಿರುವ ಈ ಮಿಥಿಲಾ ಸೀಮೆಗೆ ತನ್ನದೇ ಲಿಪಿಯಿದೆ, ಸುಮಾರು 7 ಶತಮಾನಗಳ ಲಿಖಿತ ಸಾಹಿತ್ಯವಿದೆ. ಇಷ್ಟಿದ್ದೂ ಸ್ವಾತಂತ್ರ್ಯಾನಂತರದ ಹಲವು ದಶಕಗಳ ಕಾಲ ಜನಗಣತಿಯ ಲೆಕ್ಕದಲ್ಲಿ ಮೈಥಿಲಿ ಹಿಂದಿಯ ಒಳಗೆ ಸೇರಿಹೋಗಿತ್ತು. ಸಾಹಿತ್ಯ ಅಕಾಡೆಮಿ 1965ರಲ್ಲೇ ಅದನ್ನು ಸ್ವತಂತ್ರ ಸಾಹಿತ್ಯ ಭಾಷೆಯೆಂದು ಒಪ್ಪಿಕೊಂಡಿದ್ದರೂ ಸಂವಿಧಾನದ 8ನೇ ಅನುಸೂಚಿಗೆ ಸೇರಲು 2003ರ 92ನೇ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಈ ಹಿನ್ನೆಲೆ ತಿಳಿಯದೆ ಅಂಗಡಿಯೊಳಗೆ ಹೋದವರಿಗೆ ಅಲ್ಲಿನ ಜೋಡಣೆ ಅರ್ಥವಾಗದೆ ಕೇವಲ ಅಸ್ತವ್ಯಸ್ತವೆಂದು ಕಂಡೀತು.

ಜೋಡಣೆಗೆ ಒಂದು ತರ್ಕವಿದೆ. ಬೀದಿಗೆ ಎದುರಾಗಿರುವ ಹಲಗೆಯ ಮೇಲೆ ಇರುವುದು ತೆಳುವಾದ, ಅಗ್ಗದ ಕಾಗದದ, ಬಣ್ಣದ ರಕ್ಷಾಪುಟದ ಪುಸ್ತಿಕೆಗಳು: ಮದುವೆ ಹಾಡುಗಳ ಸಂಗ್ರಹ, ಮಗು ಹುಟ್ಟಿದಾಗ ಹಾಡುವ ಸೋಹರ್, ಮನೆದೇವಿಯನ್ನು ಕರೆಯುವ ಗೋಸಾಉನಿಕ ಗೀತ, ಹೆಣ್ಣನ್ನು ಗಂಡನ ಮನೆಗೆ ಕಳಿಸಿಕೊಡುವಾಗಿನ ಸಮದಾಉನ್, ಛಠ್ ಹಬ್ಬದ ಹಾಡುಗಳು, ಮಧುಶ್ರಾವಣಿಯ ಕಥೆಗಳು. ಅವುಗಳ ಪಕ್ಕದಲ್ಲಿ ದರ್ಭಂಗಾದ ಸಂಸ್ಕೃತ ವಿಶ್ವವಿದ್ಯಾಲಯ ಹೊರತರುವ ಪಂಚಾಂಗ. ಅದರ ಪಕ್ಕದಲ್ಲಿ ಮಳೆ, ಬಿತ್ತನೆ, ದನ, ಪ್ರಯಾಣಗಳ ಬಗ್ಗೆ ರೈತರ ಬಾಯಲ್ಲಿ ಉಳಿದುಬಂದ ಡಾಕ ವಚನಗಳು. ನಮ್ಮ ಮಳೆ ನಕ್ಷತ್ರದ ಗಾದೆಗಳನ್ನು ಕೇಳಿ ಬೆಳೆದವರಿಗೆ ಇವು ಪರಕೀಯವೆನಿಸುವುದಿಲ್ಲ. ಮತ್ತೆ ಗೋನು ಝಾನ ಚಾತುರ್ಯದ ಕಥೆಗಳು. ಇವು ಮಕ್ಕಳಿಗೆಂದು ಅಚ್ಚಾಗಿದ್ದರೂ ದೊಡ್ಡವರೇ ಕೊಳ್ಳುತ್ತಾರೆ. ಒಳಗಿನ ಗೋಡೆಗೆ ಆನಿಸಿರುವ ಎತ್ತರದ ಕಪಾಟುಗಳಲ್ಲಿ ಕಾದಂಬರಿ, ಕವಿತೆ, ಕಥೆ, ವಿಮರ್ಶೆ, ವ್ಯಾಕರಣಗಳಿವೆ. ಅವನ್ನು ತೆಗೆಯಲು ಏಣಿ ಬೇಕು, ಧೂಳು ಒರೆಸಲು ಬಟ್ಟೆ ಬೇಕು, ಕೇಳುವ ಗಿರಾಕಿಗೆ ತಾಳ್ಮೆ ಬೇಕು.

ಹೊರಗಿನ ಹಲಗೆಯೇ ಅಂಗಡಿಯ ಬಾಡಿಗೆ ಕಟ್ಟುವುದು ಎಂದು ಮಾಲೀಕರು ಯಾವ ಸಂಕೋಚವೂ ಇಲ್ಲದೆ ಹೇಳಿದರು. ಮದುವೆಯ ತಿಂಗಳುಗಳಲ್ಲಿ ಹಾಡಿನ ಪುಸ್ತಿಕೆಗಳು ಮರುಮುದ್ರಣವಾಗುತ್ತಲೇ ಇರುತ್ತವೆಯಂತೆ. ಒಳಗಿನ ಕಾದಂಬರಿಯೊಂದು ಖರ್ಚಾಗಲು ವರ್ಷಗಳೇ ಬೇಕಂತೆ. ನಮ್ಮಲ್ಲಿನ ಸಾಹಿತ್ಯಾಸಕ್ತರು ಇಂಥ ಮಾತು ಕೇಳಿದರೆ ನಿಟ್ಟುಸಿರು ಬಿಡುವುದು ರೂಢಿ. ನನಗೆ ಹಾಗೆ ಅನಿಸಲಿಲ್ಲ. ಶಾಲೆಯಲ್ಲಿ ಹಿಂದಿ, ಕಚೇರಿಯಲ್ಲಿ ಹಿಂದಿ, ದೂರದ ಊರಿನ ಕೆಲಸಕ್ಕೆ ಹಿಂದಿ ಅಥವಾ ಇಂಗ್ಲಿಷ್ ಎಂದಾಗಿರುವ ಸೀಮೆಯಲ್ಲಿ ಮೈಥಿಲಿಯೇ ಆಗಬೇಕು, ಬೇರೆ ಯಾವುದೂ ಒದಗುವುದಿಲ್ಲ ಎಂಬ ಸಂದರ್ಭ ಒಂದಾದರೂ ಗಟ್ಟಿಯಾಗಿ ಉಳಿದಿದ್ದರೆ ಅದು ಹೆಂಗಸರು ಸೇರಿ ಹಾಡುವ ಸಂದರ್ಭ. ಮಧುಶ್ರಾವಣಿಯನ್ನೇ ನೋಡಬಹುದು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಶ್ರಾವಣದಲ್ಲಿ ಸುಮಾರು ಎರಡು ವಾರ ಆಚರಿಸುವ ಈ ವ್ರತದಲ್ಲಿ ನಾಗದೇವತೆಗಳ ಮತ್ತು ಶಿವ ಪಾರ್ವತಿಯರ ಕಥೆಗಳನ್ನು ದಿನಕ್ಕಿಷ್ಟು ಎಂದು ಹೇಳಲಾಗುತ್ತದೆ. ಹೇಳುವವರು ಹಿರಿಯ ಹೆಂಗಸರು, ಪೂಜೆ ಮಾಡಿಸುವವರೂ ಅವರೇ, ಪುರೋಹಿತರಿಗೆ ಅಲ್ಲಿ ಕೆಲಸವಿಲ್ಲ. ಆ ಕಥೆಗಳನ್ನು ಹಿಂದಿಯಲ್ಲಿ ಹೇಳಿದರೆ ವ್ರತ ನಡೆಯುವುದಿಲ್ಲವೆಂಬ ನಿಯಮ ಎಲ್ಲೂ ಬರೆದಿಲ್ಲ, ಆದರೆ ಯಾರೂ ಹಾಗೆ ಹೇಳುವುದಿಲ್ಲ. ಮದುವೆಯ ಕೋಣೆಯ ಗೋಡೆಯ ಮೇಲೆ ಬಿದಿರು, ಕಮಲದೆಲೆ, ಮೀನು, ಗಿಳಿಗಳನ್ನು ಬರೆಯುವ ಕೋಹಬರ್ ಚಿತ್ರವೂ ಇದೇ ಹೆಂಗಸರ ಕೈಯದು. ಇಂದು ಮಧುಬನಿ ಚಿತ್ರವೆಂದು ಜಗತ್ತಿಗೆಲ್ಲ ಗೊತ್ತಿರುವ ಕಲೆಯ ಮೂಲ ಆ ಗೋಡೆಯಲ್ಲಿದೆ. 1934ರ ಭೂಕಂಪದಲ್ಲಿ ಮನೆಗಳು ಕುಸಿದು ಒಳಗೋಡೆಗಳು ಬಯಲಾದಾಗ ಅಲ್ಲಿನ ಬ್ರಿಟಿಷ್ ಅಧಿಕಾರಿಯಾಗಿದ್ದ ಆರ್ಚರ್ ಅವನ್ನು ಕಂಡದ್ದು, 1960ರ ದಶಕದ ಬರಗಾಲದಲ್ಲಿ ಹೆಂಗಸರ ಕೈಗೆ ಸಂಪಾದನೆ ಸಿಗಲೆಂದು ಕಾಗದ ಕೊಟ್ಟು ಬರೆಸಿದ್ದು ಎಲ್ಲವೂ ಈಗ ಕಲಾ ಇತಿಹಾಸದ ಪುಸ್ತಕಗಳಲ್ಲಿದೆ. ಚಿತ್ರ ಗೋಡೆಯಿಂದ ಕಾಗದಕ್ಕೆ ಇಳಿದು ಮಾರುಕಟ್ಟೆ ಸೇರಿತು. ಅದರ ಜೊತೆಗಿದ್ದ ಹಾಡು ಮಾತ್ರ ಈ ತೆಳು ಪುಸ್ತಿಕೆಗಳವರೆಗೆ ಬಂದು ನಿಂತಿದೆ.

ಹಾಡಿನ ಪುಸ್ತಿಕೆಗಳ ಗುಣಮಟ್ಟದ ಬಗ್ಗೆ ಹೇಳಲೇಬೇಕು. ಕೊಳ್ಳಲು ಯೋಗ್ಯವೇ ಎಂದರೆ ಹೌದು, ಬೆಲೆ ತೀರ ಕಡಿಮೆ. ಆದರೆ ಯಾವ ಹಾಡನ್ನು ಯಾವ ಊರಿನಲ್ಲಿ ಯಾರಿಂದ ಬರೆದುಕೊಂಡರು ಎಂಬ ಮಾಹಿತಿ ನಾನು ನೋಡಿದ ಯಾವುದರಲ್ಲೂ ಇರಲಿಲ್ಲ. ಒಂದೇ ಹಾಡು ಎರಡು ಪುಸ್ತಿಕೆಗಳಲ್ಲಿ ಎರಡು ಬಗೆಯ ಕಾಗುಣಿತದಲ್ಲಿದೆ. ಕೊನೆಯ ಸಾಲಿನಲ್ಲಿ ಮೈಥಿಲಿಯ ಹಳೆಯ ಕವಿ ವಿದ್ಯಾಪತಿಯ ಅಂಕಿತ ಬಂದರೆ ಸಾಕು, ಹಾಡನ್ನು ಅವನದೆಂದೇ ಅಚ್ಚು ಹಾಕಿಬಿಡುತ್ತಾರೆ. ದಾಸರ ಪದಗಳಲ್ಲಿ ಅಂಕಿತ ನೋಡಿ ಕರ್ತೃವನ್ನು ನಿರ್ಧರಿಸುವಾಗ ಎದುರಾಗುವ ತೊಡಕು ನಮ್ಮವರಿಗೆ ಗೊತ್ತೇ ಇದೆ. ಇಲ್ಲಿ ಆ ತೊಡಕು ಇನ್ನೂ ದೊಡ್ಡದು, ಏಕೆಂದರೆ ಈ ಕವಿಯ ಹೆಸರಿನಲ್ಲಿ ಹಾಡು ಕಟ್ಟುವುದು ಹಳ್ಳಿಯಲ್ಲಿ ಶತಮಾನಗಳಿಂದ ನಡೆದಿದೆ.

ಒಳಗಿನ ಕಪಾಟುಗಳಲ್ಲಿ ಅತಿ ಹೆಚ್ಚು ಜಾಗ ಹಿಡಿದಿರುವವನೂ ವಿದ್ಯಾಪತಿಯೇ. 14 ಮತ್ತು 15ನೇ ಶತಮಾನಗಳಲ್ಲಿ ಬದುಕಿದ್ದ, ಮಧುಬನಿ ಜಿಲ್ಲೆಯ ಬಿಸ್ಫಿ ಗ್ರಾಮದವನಾದ, ರಾಜ ಶಿವಸಿಂಹನ ಆಸ್ಥಾನದಲ್ಲಿದ್ದ ಈ ಕವಿ ಸಂಸ್ಕೃತದಲ್ಲಿ ಗ್ರಂಥಗಳನ್ನು ಬರೆದ, ಅವಹಟ್ಟ ಎಂಬ ಅಪಭ್ರಂಶದ ಕೊನೆಯ ರೂಪದಲ್ಲಿ ಕೀರ್ತಿಲತೆಯನ್ನು ಬರೆದ, ಹಾಡುಗಳನ್ನು ಮಾತ್ರ ಮನೆಯ ಮಾತಿನಲ್ಲಿ ಬರೆದ. ದೇಶೀ ನುಡಿ ಎಲ್ಲರಿಗೂ ಸಿಹಿ ಎಂಬರ್ಥದ ಮಾತನ್ನು ಕೀರ್ತಿಲತೆಯ ಆರಂಭದಲ್ಲೇ ಹೇಳಿಟ್ಟ. ಅಂಗಡಿಯಲ್ಲಿ ಅವನ ಪದಾವಳಿಯ ಹಲವು ಆವೃತ್ತಿಗಳಿವೆ. ಆಯ್ಕೆ ಮಾಡುವಾಗ ಎಚ್ಚರ ಬೇಕು. ರಾಧಾಕೃಷ್ಣರ ಶೃಂಗಾರ ಪದಗಳನ್ನಷ್ಟೇ ಕೊಡುವ ಸಂಕಲನಗಳು ಹೆಚ್ಚು, ಅವು ಕಾಲೇಜು ಪಠ್ಯಕ್ಕೆಂದು ಮಾಡಿದವು. ಶಿವನನ್ನು ಕುರಿತ ನಚಾರಿ ಮತ್ತು ಮಹೇಶವಾಣಿಗಳು ಇರುವ ಸಂಕಲನವನ್ನು ಕೇಳಿ ತೆಗೆದುಕೊಳ್ಳಬೇಕೆಂದು ನನ್ನ ಸಲಹೆ. ಭಂಗಿ ಕುಡಿದು, ಹಾವು ಸುತ್ತಿಕೊಂಡು, ಎತ್ತೇರಿ ಬಂದ ಮುದಿ ಅಳಿಯನನ್ನು ಕಂಡು ಪಾರ್ವತಿಯ ತಾಯಿ ಎದೆ ಬಡಿದುಕೊಳ್ಳುವ ಹಾಡುಗಳಲ್ಲಿ ಮಿಥಿಲೆಯ ಮನೆಯಂಗಳವೇ ಇದೆ. ವಿದ್ಯಾಪತಿಯ ಹಾಡಿಗೆ ಮನಸೋತ ಶಿವ ಉಗನಾ ಎಂಬ ಆಳಾಗಿ ಅವನ ಮನೆಯಲ್ಲಿ ಚಾಕರಿ ಮಾಡಿದನೆಂಬ ಐತಿಹ್ಯವನ್ನು ಇಲ್ಲಿ ಎಲ್ಲರೂ ನಂಬಿಕೆಯಿಂದ ಹೇಳುತ್ತಾರೆ; ಮಾಲೀಕರೂ ಬಿಲ್ಲು ಬರೆಯುವುದನ್ನು ನಿಲ್ಲಿಸಿ ಹೇಳಿದರು, ದೀರ್ಘವಾಗಿಯೇ ಹೇಳಿದರು.

ವಿದ್ಯಾಪತಿಯ ಹಾಡುಗಳು ಪೂರ್ವಕ್ಕೆ ಹೋಗಿ ಬಂಗಾಳದ ವೈಷ್ಣವರ ಬಾಯಲ್ಲಿ ಎಷ್ಟು ಬೇರೂರಿದವೆಂದರೆ 19ನೇ ಶತಮಾನದ ಉತ್ತರಾರ್ಧದವರೆಗೆ ಬಂಗಾಳಿಗಳು ಅವನನ್ನು ತಮ್ಮ ಕವಿಯೆಂದೇ ಭಾವಿಸಿದ್ದರು. ಅವನನ್ನು ಅನುಕರಿಸಿ ಬರೆಯುತ್ತ ಬರೆಯುತ್ತ ಬ್ರಜಬುಲಿ ಎಂಬ ಒಂದು ಕಾವ್ಯಭಾಷೆಯೇ ಹುಟ್ಟಿತು. ಹದಿಹರೆಯದ ರವೀಂದ್ರನಾಥರು ಭಾನುಸಿಂಹನೆಂಬ ಹೆಸರಿನಲ್ಲಿ ಆ ಭಾಷೆಯಲ್ಲೇ ಪದಗಳನ್ನು ಕಟ್ಟಿದರು. ಉತ್ತರದಲ್ಲಿ ಕಠ್ಮಂಡು ಕಣಿವೆಯ ಮಲ್ಲ ಅರಸರ ಆಸ್ಥಾನಗಳಲ್ಲಿ, ನೇವಾರಿ ಮಾತಾಡುವ ಜನರ ನಡುವೆ, ಮೈಥಿಲಿ ನಾಟಕಗಳು ಬರೆಯಲ್ಪಟ್ಟವು, ಆಡಲ್ಪಟ್ಟವು. ತನ್ನ ನೆಲದ ಹೊರಗೆ ಇಷ್ಟು ಗೌರವ ಪಡೆದ ಭಾಷೆ ತನ್ನ ನೆಲದಲ್ಲೇ ಉಪಭಾಷೆಯೆಂದು ಕರೆಸಿಕೊಂಡದ್ದು ವಿಚಿತ್ರ. ಆದರೆ ಈ ಹೊರಗಿನ ಸಾಹಿತ್ಯವನ್ನು ಹುಡುಕಿಕೊಂಡು ಅಂಗಡಿಗೆ ಹೋದರೆ ನಿರಾಶೆಯೇ. ಗಡಿ ಹತ್ತಿರದಲ್ಲೇ ಇದ್ದರೂ ಜನಕಪುರ ಅಥವಾ ಕಠ್ಮಂಡುವಿನಲ್ಲಿ ಅಚ್ಚಾದ ಮೈಥಿಲಿ ಪುಸ್ತಕ ನನ್ನ ಕಣ್ಣಿಗೆ ಬೀಳಲಿಲ್ಲ. ಕೇಳಿದಾಗ, ಯಾರಾದರೂ ಕೈಯಲ್ಲಿ ತಂದರೆ ಇಟ್ಟುಕೊಳ್ಳುತ್ತೇನೆ, ತರಿಸುವ ವ್ಯವಸ್ಥೆ ಇಲ್ಲ ಎಂದರು.

ಕನ್ನಡಿಗರು ಈ ಅಂಗಡಿಯಲ್ಲಿ ಕೇಳಲೇಬೇಕಾದ ಒಂದು ಪುಸ್ತಕವಿದೆ, ಮತ್ತು ಅದು ಸಿಗುವುದಿಲ್ಲ. ಜ್ಯೋತಿರೀಶ್ವರ ಠಾಕುರನ ವರ್ಣರತ್ನಾಕರ 14ನೇ ಶತಮಾನದ ಆರಂಭದ ಗದ್ಯಕೃತಿ. ಉತ್ತರ ಭಾರತದ ಇಂದಿನ ಭಾಷೆಗಳಲ್ಲಿ ಉಳಿದುಬಂದಿರುವ ಅತಿ ಹಳೆಯ ಗದ್ಯಗಳ ಸಾಲಿಗೆ ಸೇರಿದ್ದು. ಅಲೆಗಳೆಂಬ ಅರ್ಥದ ಕಲ್ಲೋಲಗಳಾಗಿ ವಿಂಗಡಿಸಿರುವ ಅದರಲ್ಲಿ ನಗರ, ನಾಯಕ, ನಾಯಿಕೆ, ಅರಮನೆ, ಋತು, ಕಲೆಗಳನ್ನು ಕವಿಗಳೂ ಕಥೆಗಾರರೂ ವರ್ಣಿಸಬೇಕಾದ ಬಗೆ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಆ ಪಟ್ಟಿಗಳಲ್ಲಿ ಅಂದಿನ ಬಟ್ಟೆ, ಊಟ, ವಾದ್ಯ, ಕಸುಬು, ಜೂಜು ಎಲ್ಲವೂ ಸಿಕ್ಕಿಕೊಂಡಿವೆ. ತಾಳೆಗರಿಯ ಹಸ್ತಪ್ರತಿಯನ್ನು ಆಧರಿಸಿ ಸುನೀತಿ ಕುಮಾರ ಚಟರ್ಜಿ ಮತ್ತು ಬಬುಆ ಮಿಶ್ರ ಸಂಪಾದಿಸಿದ ಮುದ್ರಣ 1940ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಿಂದ ಬಂತು. ಅಂಗಡಿಯಲ್ಲಿ ಅದರ ಪ್ರತಿಯಿಲ್ಲ. ಅದರ ಬಗ್ಗೆ ಬರೆದ ಪುಸ್ತಕಗಳಿವೆ.

ಕನ್ನಡಿಗರು ಕೇಳಬೇಕೆಂದದ್ದಕ್ಕೆ ಕಾರಣ ಆ ಕವಿಗೆ ಆಶ್ರಯ ಕೊಟ್ಟ ಮನೆತನ. ನಾನು ಕರ್ನಾಟಕದವನೆಂದು ಗೊತ್ತಾದೊಡನೆ ಮಾಲೀಕರು ನಕ್ಕು, ಹಾಗಾದರೆ ನಮ್ಮನ್ನು ಆಳಿದವರು ನಿಮ್ಮ ಕಡೆಯವರು ಎಂದರು. ಅದು ಉಪಚಾರದ ಮಾತಲ್ಲ. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ ನಾನ್ಯದೇವ ತನ್ನನ್ನು ಕರ್ನಾಟ ಕುಲದವನೆಂದು ಕರೆದುಕೊಂಡ. ಕಲ್ಯಾಣ ಚಾಲುಕ್ಯರ ದಂಡಯಾತ್ರೆಗಳ ಜೊತೆಗೆ ಉತ್ತರಕ್ಕೆ ಬಂದು ನೆಲೆನಿಂತ ದಕ್ಷಿಣದ ಯೋಧರ ಕುಲ ಅದೆಂದು ಇತಿಹಾಸಕಾರರು ಊಹಿಸುತ್ತಾರೆ. ಬಂಗಾಳದ ಸೇನರೂ ತಮ್ಮ ಮೂಲವನ್ನು ಕರ್ನಾಟಕಕ್ಕೇ ಒಯ್ಯುತ್ತಾರೆ. ಇಂದು ನೇಪಾಳದಲ್ಲಿರುವ ಸಿಮ್ರೌನಗಢ ಮಿಥಿಲೆಯ ಕರ್ನಾಟರ ರಾಜಧಾನಿಯಾಗಿತ್ತು. ನಾನ್ಯದೇವ ಸ್ವತಃ ಭರತನ ನಾಟ್ಯಶಾಸ್ತ್ರಕ್ಕೆ ಭಾಷ್ಯ ಬರೆದ ಸಂಗೀತ ವಿದ್ವಾಂಸ. ಸುಮಾರು 1324ರಲ್ಲಿ ಘಿಯಾಸುದ್ದೀನ್ ತುಘಲಕನ ಸೇನೆ ಬಂದಾಗ ಆ ಕುಲದ ಹರಿಸಿಂಹದೇವ ನೇಪಾಳದ ಬೆಟ್ಟಗಳ ಕಡೆ ಹೋದ. ವರ್ಣರತ್ನಾಕರ ಅವನ ಕಾಲದ್ದು. ಬ್ರಾಹ್ಮಣರ ಮತ್ತು ಕಾಯಸ್ಥರ ವಂಶಾವಳಿಗಳನ್ನು ಬರೆದಿಡುವ ಪಂಜಿ ಪದ್ಧತಿಯನ್ನು ವ್ಯವಸ್ಥೆಗೊಳಿಸಿದ ಕೀರ್ತಿಯನ್ನೂ ಸಂಪ್ರದಾಯ ಅವನಿಗೇ ಕೊಡುತ್ತದೆ. ಇದನ್ನೆಲ್ಲ ಕೇಳಿ ನಮ್ಮವರು ಎದೆಯುಬ್ಬಿಸುವ ಮೊದಲು ಗಮನಿಸಬೇಕಾದ್ದು ಒಂದಿದೆ: ಈ ಕರ್ನಾಟರು ಮಿಥಿಲೆಯಲ್ಲಿ ಕನ್ನಡವನ್ನು ಬೆಳೆಸಲಿಲ್ಲ. ಬಂದ ನೆಲದ ನುಡಿಗೆ ಆಸ್ಥಾನದಲ್ಲಿ ಜಾಗ ಕೊಟ್ಟರು, ಆ ನುಡಿ ಉಳಿಯಿತು. ಅಂಗಡಿಯಲ್ಲಿ ಮಿಥಿಲೆಯ ಇತಿಹಾಸದ ಬಗ್ಗೆ ಹಿಂದಿಯಲ್ಲೂ ಮೈಥಿಲಿಯಲ್ಲೂ ಪುಸ್ತಕಗಳಿವೆ, ಕರ್ನಾಟ ವಂಶಕ್ಕೆ ಅವುಗಳಲ್ಲಿ ಪ್ರತ್ಯೇಕ ಅಧ್ಯಾಯಗಳಿವೆ. ನಮ್ಮ ಚರಿತ್ರೆಯ ಪಠ್ಯಗಳು ಒಂದು ಸಾಲಿನಲ್ಲಿ ಮುಗಿಸುವ ವಿಷಯವನ್ನು ವಿಸ್ತಾರವಾಗಿ ಓದಬೇಕೆಂದವರಿಗೆ ಇವು ಲಾಭದ ಖರೀದಿ.

ಆಧುನಿಕ ಸಾಹಿತ್ಯದ ಕಪಾಟು ಈ ಅಂಗಡಿಯ ನಿಜವಾದ ಬಲ. ಅಲ್ಲಿಂದ ಮೊದಲು ತೆಗೆಯಬೇಕಾದ್ದು ಹರಿಮೋಹನ ಝಾ ಅವರನ್ನು. ಪಾಟ್ನಾದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇವರು 1933ರಲ್ಲಿ ಪ್ರಕಟಿಸಿದ ಕನ್ಯಾದಾನ ಕಾದಂಬರಿ ಮಿಥಿಲೆಯ ಮದುವೆಯ ಅಸಂಗತಿಗಳನ್ನು ನಗಿಸುತ್ತಲೇ ಬಯಲಿಗೆಳೆಯಿತು: ಇಂಗ್ಲಿಷ್ ಓದಿದ ಗಂಡು, ಅಕ್ಷರ ಕಲಿಯದ ಹೆಣ್ಣು, ಇಬ್ಬರ ಅಭಿಪ್ರಾಯವನ್ನೂ ಕೇಳದ ಹಿರಿಯರು. ಅವರ ಖಟ್ಟರ್ ಕಾಕಾ ಇನ್ನೂ ದೊಡ್ಡ ಸೃಷ್ಟಿ. ಭಂಗಿ ಅರೆಯುತ್ತ ಕೂತು ವೇದ, ಪುರಾಣ, ಗೀತೆ, ಆಯುರ್ವೇದ, ಜ್ಯೋತಿಷಗಳನ್ನು ಅವುಗಳದೇ ಶ್ಲೋಕಗಳಿಂದ ತಲೆಕೆಳಗು ಮಾಡುವ ಈ ಹಳ್ಳಿಯ ಕಾಕಾನ ಮಾತಿಗೆ ಎದುರು ಕೂತ ನಿರೂಪಕ ಬೆರಗಾಗಿ ಕೂರುವುದೇ ಎಲ್ಲ ಪ್ರಸಂಗಗಳ ಚೌಕಟ್ಟು. ಬೀಚಿಯವರ ತಿಂಮನನ್ನು ಬಲ್ಲ ಓದುಗರಿಗೆ ಈ ನಗು ಹತ್ತಿರದ್ದೆನಿಸಬಹುದು. ಆದರೆ ತಿಂಮನ ಮುಗ್ಧತೆ ಇಲ್ಲಿಲ್ಲ, ಕಾಕಾ ಪಂಡಿತ, ಶಾಸ್ತ್ರವನ್ನು ಒಳಗಿನಿಂದ ಬಲ್ಲವನು, ಅದಕ್ಕೇ ಅವನ ಏಟು ಆಳವಾಗಿ ತಾಗುತ್ತದೆ. ನ್ಯಾಯ ಮತ್ತು ಮೀಮಾಂಸೆಗಳಿಗೆ ಹೆಸರಾದ ನಾಡೊಂದು ತನ್ನ ಪಾಂಡಿತ್ಯವನ್ನೇ ಹೀಗೆ ಗೇಲಿ ಮಾಡಿಕೊಂಡಿತೆಂಬುದು ನನಗೆ ಮೈಥಿಲಿ ಸಾಹಿತ್ಯದ ಮೇಲೆ ಗೌರವ ಹುಟ್ಟಿಸಿದ ಸಂಗತಿಗಳಲ್ಲಿ ಮೊದಲನೆಯದು.

ಯಾತ್ರಿ ಎಂಬ ಹೆಸರಿನಲ್ಲಿ ಬರೆದ ವೈದ್ಯನಾಥ ಮಿಶ್ರರ ಪುಸ್ತಕಗಳು ಎರಡು ಕಡೆ ಸಿಗುತ್ತವೆ, ಏಕೆಂದರೆ ಹಿಂದಿಯಲ್ಲಿ ಅವರೇ ನಾಗಾರ್ಜುನ. ಹಿಂದಿ ಕಪಾಟಿನ ನಾಗಾರ್ಜುನರನ್ನು ಓದಿದವರು ಇಲ್ಲಿನ ಯಾತ್ರಿಯನ್ನು ಬಿಡಬಾರದು. 1968ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರ ಮೈಥಿಲಿ ಕವನ ಸಂಕಲನ ಪತ್ರಹೀನ ನಗ್ನ ಗಾಛ್‌ಗೆ. ಮುದುಕನಿಗೆ ಕಟ್ಟಿದ ಹುಡುಗಿಯ ದುರಂತ ಹೇಳುವ ಪಾರೋ ಕಾದಂಬರಿಯೂ ಮೈಥಿಲಿಯದೇ. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ರಾಜಕಮಲ ಚೌಧರಿಯವರ ಕಥೆಗಳು, ಜಮೀನ್ದಾರಿ ಮನೆತನಗಳ ಏಳುಬೀಳುಗಳನ್ನು ಹೆಣ್ಣಿನ ಕಣ್ಣಿಂದ ನೋಡಿದ ಲಿಲಿ ರೇ ಅವರ, 1982ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ಮರೀಚಿಕಾ, ಇವೂ ಇದ್ದವು. ಉಷಾಕಿರಣ್ ಖಾನ್ ಅವರ ಭಾಮತಿಯನ್ನು ನಮ್ಮ ಓದುಗರು ಮೊದಲು ಕೈಗೆತ್ತಿಕೊಳ್ಳಬಹುದು. ಶಂಕರರ ಬ್ರಹ್ಮಸೂತ್ರ ಭಾಷ್ಯಕ್ಕೆ ಟೀಕೆ ಬರೆಯುವುದರಲ್ಲಿ ಮುಳುಗಿ ಹೆಂಡತಿಯನ್ನೇ ಮರೆತ ವಾಚಸ್ಪತಿ ಮಿಶ್ರ ಕೊನೆಗೆ ಆ ಟೀಕೆಗೆ ಅವಳ ಹೆಸರನ್ನೇ ಇಟ್ಟನೆಂಬ ಕಥೆಯನ್ನು ಅದ್ವೈತದ ಪಾಠ ಕೇಳಿದವರೆಲ್ಲ ಕೇಳಿರುತ್ತಾರೆ. ಮಿಥಿಲೆಯವನಾದ ಆ ಪಂಡಿತನ ಮನೆಯೊಳಗೆ ಭಾಮತಿ ಹೇಗೆ ಬದುಕಿದ್ದಳೆಂದು ಕೇಳುವ ಈ ಕಾದಂಬರಿಗೆ 2010ರ ಅಕಾಡೆಮಿ ಪ್ರಶಸ್ತಿ ಬಂತು. ಶೃಂಗೇರಿಯ ಸೀಮೆಯವರಿಗೆ ಈ ಹೆಸರುಗಳನ್ನು ಪರಿಚಯಿಸಬೇಕಾಗಿಲ್ಲ.

ಇನ್ನು ಇಲ್ಲದಿರುವುದರ ವಿಷಯ. ಅಂಗಡಿಯ ಕಪಾಟುಗಳನ್ನು ಒಂದು ಸುತ್ತು ನೋಡಿದರೆ ಲೇಖಕರ ಹೆಸರುಗಳ ಕೊನೆಯಲ್ಲಿ ಝಾ, ಮಿಶ್ರ, ಠಾಕುರ, ಚೌಧರಿ ಎಂದೇ ಬರುತ್ತ ಹೋಗುತ್ತದೆ. ಮೈಥಿಲಿಯನ್ನು ಬ್ರಾಹ್ಮಣ ಮತ್ತು ಕಾಯಸ್ಥರ ಭಾಷೆಯೆಂದು ದೂರುವವರಿಗೆ ಈ ಕಪಾಟು ಸಾಕ್ಷಿಯಾಗಿಬಿಡುತ್ತದೆ, ಮತ್ತು ಆ ದೂರಿನಿಂದ ಭಾಷಾ ಚಳವಳಿಗೆ ಆಗಿರುವ ನಷ್ಟ ಸಣ್ಣದಲ್ಲ. ಮೈಥಿಲಿಯನ್ನು ಎಲ್ಲ ಜಾತಿಯವರೂ, ಮುಸಲ್ಮಾನರೂ ಆಡುತ್ತಾರೆ. ದಲಿತರಾದ ದುಸಾಧರ ವೀರ ರಾಜಾ ಸಲಹೇಸನ ಕಥೆ, ದಲಿತರೇ ಆದ ಮುಸಹರರು ಹಾಡುವ ದೀನಾ ಮತ್ತು ಭದ್ರಿಯ ಕಥೆ, ಯಾದವರ ಲೋರಿಕನ ಕಥೆ ಇವೆಲ್ಲ ರಾತ್ರಿಗಟ್ಟಲೆ ಹಾಡುವ ಮಹಾಕಾವ್ಯಗಳು. ಮಧುಬನಿಯಲ್ಲಿ ಅಧಿಕಾರಿಯಾಗಿದ್ದ ಗ್ರಿಯರ್ಸನ್ 1880ರ ದಶಕದಲ್ಲೇ ದೀನಾ ಭದ್ರಿಯ ಹಾಡನ್ನು ಬರೆದುಕೊಂಡು ಪ್ರಕಟಿಸಿದ್ದ. ಮಲೆ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ನಮ್ಮ ಜಾನಪದ ವಿದ್ವಾಂಸರು ಸಂಗ್ರಹಿಸಿ, ವಿಶ್ವವಿದ್ಯಾಲಯಗಳು ಅಚ್ಚುಹಾಕಿ, ಅವು ಕನ್ನಡ ಸಾಹಿತ್ಯ ಚರ್ಚೆಯ ನಡುವೆಯೇ ಬಂದು ಕೂತದ್ದನ್ನು ಕಂಡವನಿಗೆ ಇಲ್ಲಿನ ಕೊರತೆ ಎದ್ದು ಕಾಣುತ್ತದೆ. ಸಲಹೇಸನ ಬಗ್ಗೆ ಸಿಕ್ಕಿದ್ದು ಹೊರಗಿನ ಹಲಗೆಯ ಮೇಲಿದ್ದ ಒಂದು ತೆಳು ಪುಸ್ತಿಕೆ. ಪೂರ್ಣ ಪಠ್ಯ ಬೇಕೆಂದಾಗ ಮಾಲೀಕರು ವಿಶ್ವವಿದ್ಯಾಲಯದ ಗ್ರಂಥಾಲಯದ ದಾರಿ ತೋರಿಸಿದರು. ಈ ವಿಷಯದಲ್ಲಿ ಅಂಗಡಿಯವರು ಇನ್ನಷ್ಟು ಪ್ರಯತ್ನ ಪಡಬಹುದಿತ್ತೆಂದೇ ನನ್ನ ಅಭಿಪ್ರಾಯ; ಹಾಡಿನ ಪುಸ್ತಿಕೆಗಳನ್ನು ತಾವೇ ಅಚ್ಚು ಹಾಕಿಸುವವರಿಗೆ ಇದನ್ನೂ ಹಾಕಿಸುವುದು ಅಸಾಧ್ಯವಲ್ಲ.

ಲಿಪಿಯ ವಿಷಯದಲ್ಲಿಯೂ ಇದೇ ಕಥೆ. ತಿರ್ಹುತಾ ಅಥವಾ ಮಿಥಿಲಾಕ್ಷರ ಎಂಬ ಲಿಪಿ ನೋಡಲು ಬಂಗಾಳಿಯನ್ನು ಹೋಲುತ್ತದೆ. ಪಂಜಿಗಳು, ಹಳೆಯ ತಾಳೆಗರಿಗಳು, ಸಂಸ್ಕೃತ ಗ್ರಂಥಗಳ ಮಿಥಿಲೆಯ ಪ್ರತಿಗಳು ಅದರಲ್ಲಿವೆ. 20ನೇ ಶತಮಾನದಲ್ಲಿ ಮುದ್ರಣದ ಅನುಕೂಲಕ್ಕೆಂದು ಮೈಥಿಲಿ ದೇವನಾಗರಿಗೆ ಹೊರಳಿತು. ಯೂನಿಕೋಡ್ 2014ರಲ್ಲಿ ತಿರ್ಹುತಾವನ್ನು ಸೇರಿಸಿಕೊಂಡಿದೆ, ಹಾಗಾಗಿ ಈಗ ಅಚ್ಚಿನ ತಾಂತ್ರಿಕ ನೆಪ ಉಳಿದಿಲ್ಲ. ಆದರೂ ಅಂಗಡಿಯಲ್ಲಿ ತಿರ್ಹುತಾದಲ್ಲಿ ಸಿಕ್ಕಿದ್ದು ಅಕ್ಷರ ಕಲಿಸುವ ಪುಸ್ತಿಕೆಗಳು ಮಾತ್ರ. ಮೊದಲ ಪುಟದಲ್ಲಿ, ಬರವಣಿಗೆಯ ಆರಂಭಕ್ಕೆ ಗಣೇಶನ ಗುರುತಾಗಿ ಬರೆಯುವ ಆಂಜಿ ಎಂಬ ಸುಳಿಯಿದೆ. ಮುಂದಿನ ಪುಟಗಳಲ್ಲಿ ಅಕ್ಷರ, ಗುಣಿತ, ಕೆಲವು ವಾಕ್ಯ. ಕಲಿತ ಮೇಲೆ ಓದುವುದಕ್ಕೆ ಆ ಲಿಪಿಯಲ್ಲಿ ಪುಸ್ತಕವಿಲ್ಲ. ಮದುವೆಯ ಆಮಂತ್ರಣದ ತಲೆಬರಹಕ್ಕೆ, ಅಂಗಡಿಯ ಬೋರ್ಡಿಗೆ ಸಾಕಾಗುವಷ್ಟು ಲಿಪಿ.

ಸೇವೆಯ ಬಗ್ಗೆ ಹೇಳುವುದಾದರೆ, ಪುಸ್ತಕ ಹುಡುಕಿಕೊಡುವುದರಲ್ಲಿ ಮಾಲೀಕರ ನೆನಪೇ ಕ್ಯಾಟಲಾಗು. ಲೇಖಕರ ಹೆಸರು ಹೇಳಿದರೆ ಯಾವ ಕಪಾಟಿನ ಯಾವ ಮೂಲೆಯೆಂದು ಸಹಾಯಕನಿಗೆ ಕೂತಲ್ಲಿಂದಲೇ ಹೇಳುತ್ತಾರೆ, ಬಹುತೇಕ ಸರಿಯಾಗಿಯೇ ಹೇಳುತ್ತಾರೆ. ಅವರಿಲ್ಲದ ಹೊತ್ತಿನಲ್ಲಿ ಹೋದರೆ ಸಹಾಯಕನಿಂದ ಹೊರಗಿನ ಹಲಗೆಯ ಸರಕಿಗಿಂತ ಹೆಚ್ಚಿನದೇನೂ ಸಿಗುವುದಿಲ್ಲ. ಅನೇಕ ಪುಸ್ತಕಗಳು ಲೇಖಕರೇ ಹಣ ಹಾಕಿ ಅಚ್ಚುಮಾಡಿಸಿ ಮಾರಾಟಕ್ಕೆ ಬಿಟ್ಟುಹೋದವು, ಹಾಗಾಗಿ ಒಂದು ಪ್ರತಿ ಮುಗಿದರೆ ಮತ್ತೊಂದು ಬರುವುದು ಲೇಖಕರ ಅಥವಾ ಅವರ ಮಕ್ಕಳ ಉತ್ಸಾಹದ ಮೇಲೆ ನಿಂತಿದೆ. ಕಂಡ ಕೂಡಲೇ ಕೊಂಡುಬಿಡಬೇಕು. ಕೊಳ್ಳುವ ಮುನ್ನ ಪುಟಗಳನ್ನು ತಿರುವಿ ನೋಡಬೇಕು: ನಾನು ಆರಿಸಿದವುಗಳಲ್ಲಿ ಒಂದರ ನಡುವಿನ ಪುಟಗಳು ಅಚ್ಚಾಗದೆ ಖಾಲಿಯಿದ್ದವು, ಇನ್ನೊಂದರ ಹೊಲಿಗೆ ಬಿಚ್ಚಿತ್ತು, ತೋರಿಸಿದಾಗ ಮಾತಿಲ್ಲದೆ ಬೇರೆ ಪ್ರತಿ ಕೊಟ್ಟರು. ಬಾಗಮತಿ, ಕಮಲಾ, ಕೋಸಿ ನದಿಗಳ ನೆರೆಗೆ ಪಕ್ಕಾಗುವ ಈ ಸೀಮೆಯಲ್ಲಿ ಮಳೆಗಾಲದ ತೇವ ಕಾಗದಕ್ಕೆ ಶತ್ರು, ಕೆಳಗಿನ ಸಾಲಿನ ಹಳೆಯ ಪುಸ್ತಕಗಳು ಅಲೆಅಲೆಯಾಗಿ ಉಬ್ಬಿರುತ್ತವೆ. ಬೆಲೆಗಳು ನಮ್ಮ ಕನ್ನಡ ಪುಸ್ತಕಗಳ ಬೆಲೆಗಿಂತ ಕಡಿಮೆಯೇ. ಹಳೆಯ ದಾಸ್ತಾನಿಗೆ ಹಳೆಯ ಬೆಲೆಯನ್ನೇ ತೆಗೆದುಕೊಂಡರು, ಮೇಲೆ ಹೊಸ ಚೀಟಿ ಅಂಟಿಸುವ ಚಾಳಿ ಅಲ್ಲಿಲ್ಲ. ಮಾಸಪತ್ರಿಕೆಗಳ ವಿಭಾಗ ಬಡವಾಗಿದೆ. ದರ್ಭಂಗಾ ರಾಜಮನೆತನದ ಆಶ್ರಯದಲ್ಲಿ 20ನೇ ಶತಮಾನದ ಆರಂಭದಲ್ಲಿ ಶುರುವಾಗಿ ದಶಕಗಳ ಕಾಲ ಓದುಗರನ್ನು ಬೆಳೆಸಿದ ಮಿಥಿಲಾ ಮಿಹಿರ್ ನಿಂತುಹೋದ ಮೇಲೆ ಆ ಜಾಗವನ್ನು ತುಂಬುವಂಥದ್ದು ಬಂದಿಲ್ಲವೆಂದು ಮಾಲೀಕರ ಕೊರಗು.

ಹಿಂದಿ ಬಲ್ಲ ಕನ್ನಡಿಗರಿಗೆ ಮೈಥಿಲಿ ಎಷ್ಟರ ಮಟ್ಟಿಗೆ ದಕ್ಕುತ್ತದೆಂಬ ಪ್ರಶ್ನೆಗೂ ಉತ್ತರ ಬೇಕು. ಲಿಪಿ ದೇವನಾಗರಿ, ಸಂಸ್ಕೃತದ ಪದಗಳು ಧಾರಾಳ, ಹಾಗಾಗಿ ವಿಮರ್ಶೆ ಮತ್ತು ಇತಿಹಾಸದ ಗದ್ಯ ಬೇಗ ಒಲಿ­ಯುತ್ತದೆ. ಕಾದಂಬರಿಯ ಸಂಭಾಷಣೆಯಲ್ಲಿ ಎಡವುತ್ತೇವೆ. ಮೈಥಿಲಿಯ ಕ್ರಿಯಾಪದ ಯಾರು ಮಾಡಿದರೆಂಬುದನ್ನು ಮಾತ್ರವಲ್ಲ, ಯಾರಿಗೆ ಮಾಡಿದರು, ಅವರಿಗೆ ಎಷ್ಟು ಗೌರವ ಸಲ್ಲಬೇಕು ಎಂಬುದನ್ನೂ ತನ್ನ ಕೊನೆಯಲ್ಲಿ ಹೊತ್ತಿರುತ್ತದೆ. ಅತ್ತೆ ಸೊಸೆಯರ ಒಂದು ಸಣ್ಣ ಜಗಳದಲ್ಲಿ ಪ್ರತ್ಯಯಗಳು ಬದಲಾಗುವುದರಲ್ಲೇ ಅರ್ಧ ಕಥೆ ಇರುತ್ತದೆ. ಅದಕ್ಕೆ ಒಂದು ವ್ಯಾಕರಣವನ್ನೂ ಜೊತೆಗೆ ಕೊಳ್ಳುವುದು ಒಳ್ಳೆಯದು. ಮೈಥಿಲಿಯಿಂದ ಹಿಂದಿಗೆ ಇರುವ ಒಂದು ನಿಘಂಟು ಕಪಾಟಿನಲ್ಲಿತ್ತು, ದಪ್ಪ, ಭಾರ, ಉಪಯುಕ್ತ. ಹೊಸಬರು ಖಟ್ಟರ್ ಕಾಕಾನಿಂದ ಆರಂಭಿಸಿದರೆ ಒಳಿತು, ಏಕೆಂದರೆ ಪ್ರಸಂಗಗಳು ಚಿಕ್ಕವು, ನಗು ಕೈಹಿಡಿದು ನಡೆಸುತ್ತದೆ.

ಭಾಷೆಗೆ ಇತ್ತೀಚೆಗೆ ಸಿಕ್ಕಿರುವ ಮನ್ನಣೆಗಳಿಂದ ವ್ಯಾಪಾರ ಹೆಚ್ಚಿದೆಯೇ ಎಂದು ಮಾಲೀಕರನ್ನು ಕೇಳಿದೆ. 2024ರ ನವೆಂಬರಿನಲ್ಲಿ ರಾಷ್ಟ್ರಪತಿಗಳು ಸಂವಿಧಾನದ ಮೈಥಿಲಿ ಅನುವಾದವನ್ನು ಬಿಡುಗಡೆ ಮಾಡಿದರು. ಅದಕ್ಕೆ ಮುಂಚಿನ ತಿಂಗಳು ಮರಾಠಿ, ಬಂಗಾಳಿ, ಅಸ್ಸಾಮಿ, ಪಾಲಿ, ಪ್ರಾಕೃತಗಳಿಗೆ ಶಾಸ್ತ್ರೀಯ ಸ್ಥಾನ ಘೋಷಿಸಿದಾಗ ಪಟ್ಟಿಯಲ್ಲಿ ಮೈಥಿಲಿ ಇರಲಿಲ್ಲ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಮೈಥಿಲಿ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವ ಹುಡುಗರು ಬರುತ್ತಾರೆ, ಪಠ್ಯಕ್ಕೆ ಬೇಕಾದ್ದನ್ನು ಮಾತ್ರ ಕೊಳ್ಳುತ್ತಾರೆ, ಆದರೂ ಅದರಿಂದ ಒಳಗಿನ ಕಪಾಟು ಸ್ವಲ್ಪ ಉಸಿರಾಡುತ್ತಿದೆ ಎಂದರು. ಶಾಸ್ತ್ರೀಯ ಸ್ಥಾನದ ಬಗ್ಗೆ ಅವರಿಗೆ ಆಸಕ್ತಿ ಇದ್ದಂತೆ ತೋರಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಮೈಥಿಲಿ ಕಲಿಸಲಿ, ಉಳಿದದ್ದನ್ನು ಅಂಗಡಿ ನೋಡಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ. 2008ರಲ್ಲೇ ಶಾಸ್ತ್ರೀಯ ಸ್ಥಾನ ಪಡೆದ ಭಾಷೆಯವನಾಗಿ ಅವರ ಲೆಕ್ಕ ತಪ್ಪೆಂದು ವಾದಿಸುವ ಧೈರ್ಯ ನನಗಾಗಲಿಲ್ಲ.

ಹೋಗಬೇಕೆನ್ನುವವರಿಗೆ ದಾರಿ ಕಷ್ಟದ್ದಲ್ಲ. ಮೈಸೂರಿನಿಂದ ದರ್ಭಂಗಾಕ್ಕೆ ವಾರಕ್ಕೊಮ್ಮೆ ಬಾಗಮತಿ ಎಕ್ಸ್‌ಪ್ರೆಸ್ ಇದೆ. 2020ರಲ್ಲಿ ತೆರೆದ ದರ್ಭಂಗಾ ವಿಮಾನ ನಿಲ್ದಾಣಕ್ಕೆ ಮೊದಲಿಂದಲೇ ಬೆಂಗಳೂರಿನ ಸಂಪರ್ಕವಿತ್ತು, ಬೆಂಗಳೂರಿನಲ್ಲಿ ದುಡಿಯುವ ಮಿಥಿಲೆಯ ಜನರೇ ಅದರಲ್ಲಿ ಹೆಚ್ಚು. ಅಂಗಡಿಯಲ್ಲಿ ನಗದು ಇಟ್ಟುಕೊಂಡಿರುವುದು ಕ್ಷೇಮ, ಮೊಬೈಲ್ ಪಾವತಿ ಇದೆಯಾದರೂ ನೆಟ್‌ವರ್ಕ್ ಕೈಕೊಡುತ್ತದೆ. ಹೊರ ರಾಜ್ಯಗಳಿಗೆ ಪಾರ್ಸೆಲ್ ಕಳಿಸುವ ಏರ್ಪಾಡು ಅವರಲ್ಲಿಲ್ಲ. ಪುಸ್ತಕಗಳನ್ನು ಹಗ್ಗ ಹಾಕಿ ಕಟ್ಟಿಕೊಡುತ್ತಾರೆ, ಅಂಚೆ ಕಚೇರಿಗೆ ನಾವೇ ಒಯ್ಯಬೇಕು. ದುರ್ಗಾಪೂಜೆಯಿಂದ ಛಠ್ ಮುಗಿಯುವವರೆಗಿನ ವಾರಗಳಲ್ಲಿ ಅಂಗಡಿ ತೆರೆದಿರುತ್ತದೆಂಬ ಭರವಸೆಯಿಲ್ಲ, ಮದುವೆಯ ತಿಂಗಳುಗಳಲ್ಲಿ ಹಾಡಿನ ಪುಸ್ತಿಕೆಗೆ ಬಂದವರ ಗದ್ದಲದಲ್ಲಿ ಒಳಗಿನ ಕಪಾಟಿಗೆ ಏಣಿ ಹಾಕಲು ಯಾರಿಗೂ ಪುರುಸೊತ್ತಿರುವುದಿಲ್ಲ. ಚಳಿ ಇಳಿಯುವ ಫೆಬ್ರವರಿಯ ಕೊನೆಯಲ್ಲಿ, ಮಧ್ಯಾಹ್ನ ಊಟ ಮುಗಿಸಿ ಮಾಲೀಕರು ಬಂದು ಕೂತ ಮೇಲೆ ಹೋದರೆ ಬೇಕಾದ್ದು ಸಿಗುತ್ತದೆ.